ಜೈನಾಬಳ ಒಲಿ, ನಮ್ಮ ಹೆಬ್ಬೆಟ್ಟು

ಸಿಟ್ಟು ಮಾಡ್ಕೋಬ್ಯಾಡ ಅಂತಾರ ಊರಾಗ. ಯಾಕ ಮಾಡ್ಕೋಬಾರದು? ನಾ ಅರಕೇರಾದ ಮಾನಮ್ಮ. ಜೈನಾಬ್ ಅನ್ನೋ ಹುಡುಗಿ ಅನ್ನಕ್ಕ ನಮ್ಮ ಕೈಯಿಂದನ ಮಣ್ಣು ಬಿತ್ತು. ಅದನ್ನ ನಾನ ಹೇಳಬೇಕು.

ಆಕಿ ರಾಯಚೂರಿನಾಕಿ. ಅಪ್ಪ ದಸ್ತಗೀರ್ ಸಾಬ್ ಜಿನ್ನಿಂಗ್ ಮಿಲ್ಲಿನಾಗ ಹತ್ತಿ ಅಂಡಿಗಿ ಹೊರ್ತಿದ್ದ. ಮಗಳು ಧಾರವಾಡಕ್ಕ ಹೋಗಿ ಸಮಾಜಕಾರ್ಯ ಅನ್ನೋ ದೊಡ್ಡ ಓದು ಓದಿ ಬಂದ್ಳು. ಎಂಬತ್ನಾಕನೇ ಇಸ್ವಿ. ರಾಯಚೂರಿನ ಒಂದು ಸಂಸ್ಥಾದವರು ಆರು ತಿಂಗಳು ನೋಡೋಣ ಅಂತ ನಮ್ಮೂರಿಗೆ ಹಾಕಿದ್ರು. ನಲವತ್ತು ಮನ್ಯಾಗ ಹೊಗಿ ಇಲ್ಲದ ಒಲಿ ಹಾಕಿಸಿದ್ರ ನೌಕರಿ ಕಾಯಂ.

ನಮ್ಮ ಪಡಸಾಲ್ಯಾಗ ಇರ್ತಿದ್ಳು, ನನ್ನ ರೊಟ್ಟಿ ತಿಂತಿದ್ಳು. "ಕಾಯಂ ಆಗ್ಲಿ ಯವ್ವಾ, ಮೊದಲು ಅಪ್ಪಗ ಅಂಡಿಗಿ ಹೊರೋದು ಬಿಡಸ್ತೀನಿ. ಆಮ್ಯಾಲ ದೇವದುರ್ಗ, ಮಾನ್ವಿ, ಎಲ್ಲಾ ಕಡಿ ಹೆಣ್ಮಕ್ಕಳ ಸಂಘ ಕಟ್ತೀನಿ" ಅಂತಿದ್ಳು. ಮಣ್ಣು ತಾನ ತುಳದು ನಲವತ್ತು ಒಲಿ ಹಾಕಿಸಿದ್ಳು.

ಒಲಿ ಅಂದ್ರ ಎಂಥಾ ಒಲಿ! ನಾವು ರೊಟ್ಟಿ ಹಂಚಿನ ಮ್ಯಾಲ ಬೇಯಿಸಿ, ಆಮ್ಯಾಲ ಒಲಿ ಬಾಯಾಗ ಕೆಂಡಕ್ಕ ಆನಿಸಿ ನಿಲ್ಲಸ್ತೀವಿ. ಆವಾಗ ಅದು ಉಬ್ಬತದ. ಈ ಒಲಿ ಬಾಯಿ ನನ್ನ ಮುಷ್ಟಿಯಷ್ಟು. ರೊಟ್ಟಿ ಎಲ್ಲಿ ನಿಲ್ಲಸೋದು, ನೆತ್ತಿ ಮ್ಯಾಲ? ಅದನ್ನ ಮಾಡಿದ ಪುಣ್ಯಾತ್ಮ ಬರೇ ಅನ್ನ ಉಣ್ಣಾಂವ ಇರಬೇಕು. ಒಂದ ತಿಂಗಳದಾಗ ಎಲ್ಲಾರೂ ಅಂಗಳದಾಗ ಮತ್ತ ಮೂರು ಕಲ್ಲು ಹೂಡಿದ್ವಿ. ನನ್ನ ಹೊಸ ಒಲಿ ಮ್ಯಾಲ ಕೋಳಿ ಕಾವಿಗೆ ಕುಂತಿತ್ತು.

ಜೈನಾಬ್ ಆ ಕೋಳಿ ನೋಡಿ ನಕ್ಕಳು. ಆಮ್ಯಾಲ ತಲಿ ಹಿಡ್ಕೊಂಡು ಕುಂತ್ಳು. "ಮೊದಲ ನಿಮ್ಮನ್ನ ಕೇಳಬೇಕಿತ್ತು. ಹಾಕಿ ಆಮ್ಯಾಲ ಕೇಳಿದೆ, ನಂದ ತಪ್ಪು" ಅಂದ್ಳು. ಇದ್ದದ್ದು ಇದ್ದಂಗ ಸಂಸ್ಥಾಕ್ಕ ಬರದು ಕಳಿಸಿದ್ಳು: ಈ ಒಲಿ ಯಾರೂ ಹಚ್ಚಂಗಿಲ್ಲ, ಬಾಯಿ ಅಗಲ ಮಾಡ್ರಿ.

ಸಂಸ್ಥಾದ ಸಾಹೇಬ ಶರಣಯ್ಯ ಜೀಪು ತಗೊಂಡು ಓಡಿ ಬಂದ. "ನಲವತ್ತೂ ಒಲಿ ಉರ್ಯಾಕತ್ಯಾವ ಅಂತ ಬರಿ, ಅಂದ್ರನ ಬೆಂಗಳೂರಿನವರು ರೊಕ್ಕ ಕೊಡ್ತಾರ. ಇಲ್ಲಾಂದ್ರ ನೌಕರಿ ಇಲ್ಲ" ಅಂದ. ಆಕಿ "ಬರಿಯಂಗಿಲ್ರೀ" ಅಂದು ಎದ್ದು ಹೋದ್ಳು.

ನಾ ಬಾಗಲ ಹಿಂದ ನಿಂತು ಎಲ್ಲಾ ಕೇಳಿದೆ. ಹುಡುಗಿ ಬಾಳು ಹಾಳಾಗತದಲ್ಲೋ ಅಂತ ಓಣಿ ಹೆಣ್ಮಕ್ಕಳನ್ನ ನಾನ ಕರದೆ, ನಾನ ಹೇಳಿದೆ: "ಸಾಹೇಬ್ರ, ಒಲಿ ಚೊಲೊ ಅದ ಅಂತ ನೀವ ಬರ್ಕೋರಿ, ನಾವು ಹೆಬ್ಬೆಟ್ಟು ಒತ್ತತೀವಿ. ಆಕಿ ನೌಕರಿ ಉಳೀಲಿ." ಅಂವ "ಭಾಳ ಚೊಲೊ ಆತು ಯವ್ವಾ" ಅಂದ. ನಲವತ್ತು ಹೆಬ್ಬೆಟ್ಟು. ಮೊದಲನೇದು ನಂದು.

ವಾರದಾಗ ಜೈನಾಬಗ ಕಾಗದ ಬಂತು. ಓದಿ ಹೇಳಿದ್ಳು: ನಲವತ್ತು ಹೆಣ್ಮಕ್ಕಳು ಒಲಿ ಚೊಲೊ ಅದ ಅಂತ ಬರಕೊಟ್ಟಾರ, ನೀ ಸುಳ್ಳು ವರದಿ ಬರದಿ, ನಾಳಿಂದ ಬರಬ್ಯಾಡ. ಓದಿ ನನ್ನ ಮಾರಿ ನೋಡಿದ್ಳು. "ಒಂದು ಮಾತು ನನ್ನ ಕೇಳಬಾರದಿತ್ತೇನು ಯವ್ವಾ?" ಅಂದ್ಳು. ಬೈದಿದ್ರ ತಡ್ಕೋತಿದ್ದೆ. ಬೈಲಿಲ್ಲ. ಟ್ರಂಕು ಎತ್ಕೊಂಡು ಬಸ್ಸು ಹತ್ತಿದ್ಳು.

ಮರುದಿನ ಕೋಳಿ ಎಬ್ಬಿಸಿ, ಅದ ಒಲ್ಯಾಗ ಒಂದು ರೊಟ್ಟಿ ಮಾಡಿದೆ. ಕಟ್ಕೊಂಡು ರಾಯಚೂರಿಗೆ ಹೋಗಿ ಶರಣಯ್ಯನ ಮುಂದ ನಿಂತೆ. "ನನ್ನ ಹೆಬ್ಬೆಟ್ಟು ವಾಪಸ್ ಕೊಡ್ರಿ" ಅಂದೆ. ಅಂವ ನಕ್ಕ: "ಒತ್ತಿದ್ದು ಮುಗೀತು ಯವ್ವಾ. ಕಾಗದ ಬೆಂಗಳೂರಿಗೆ ಹೋಗ್ಯಾದ." ಗಂಟು ಬಿಚ್ಚಿ ರೊಟ್ಟಿ ಅವನ ಟೇಬಲ್ ಮ್ಯಾಲ ಇಟ್ಟೆ. "ಚೊಲೊ ಒಲಿ ರೊಟ್ಟಿ ಸಾಹೇಬ್ರ, ತಿನ್ರಿ" ಅಂದೆ. ಹಸಿ ಹಿಟ್ಟು, ಒಂದು ಬಟ್ಟೂ ಉಬ್ಬಿರಲಿಲ್ಲ. ಅಂವ ಮುಟ್ಟಲಿಲ್ಲ. ಜವಾನನ್ನ ಕರದು ನನ್ನ ಹೊರಗ ಹಾಕಿಸಿದ.

ಇದಾಗಿ ಎರಡು ವರ್ಷ ಆತು. ಜೈನಾಬ್ ಈಗ ಮಾನ್ವಿಯಾಗ ಒಂದು ಬಟ್ಟಿ ಅಂಗಡ್ಯಾಗ ಸೀರಿ ಬಿಚ್ಚಿ ತೋರಸ್ತಾಳ. ದಸ್ತಗೀರ್ ಸಾಬ್ ಇನ್ನೂ ಅಂಡಿಗಿ ಹೊರಾಕತ್ತಾನ.