ಕುರ್ಚಿಯ ಹಿಂದಿನಿಂದಲೂ ಕಾಣುವ ಅಕ್ಷರ

ಎರಡು ಸಾವಿರದ ನಾಲ್ಕರ ಸುಮಾರಿಗೆ ಜಯನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಮಾಡುತ್ತಿದ್ದ ವೆಬ್‌ಸೈಟುಗಳೆಲ್ಲ ಇರುವೆ ಸಾಲಿನಂತಿದ್ದವು. ಅಕ್ಷರ ಸಣ್ಣಗಿದ್ದಷ್ಟೂ ಸೈಟಿಗೆ ಗತ್ತು ಅಂತ ಯಜಮಾನರಾದ ಸೇತುರಾಮರ ನಂಬಿಕೆ. ಅವರ ಗತ್ತಿಗೆ ನಮ್ಮ ಕಣ್ಣು ಹಾಳಾಗುತ್ತಿತ್ತು.

ಬಾಗಲಕೋಟೆ ಕಡೆಯ ರಾಜಶ್ರೀ ಅಲ್ಲಿ ಹೊಸಬಳು. ಕಮಲಾದೇವಿಯವರ ವಧೂವರರ ಕೇಂದ್ರದ ಕನ್ನಡ ಸೈಟು ಅವಳ ಮೊದಲ ಕೆಲಸ. ಸೈಟು ಶುರುವಾಗಿ ತಿಂಗಳುಗಳಾದರೂ ಕೇಂದ್ರಕ್ಕೆ ಒಂದು ಫೋನೂ ಬರಲಿಲ್ಲ. ಕಮಲಾದೇವಿ ಅದನ್ನು ಮುಚ್ಚಿಸುವ ಮಾತೆತ್ತಿದರು. ಮುಚ್ಚಿದರೆ ನಿನ್ನ ಕೆಲಸವೂ ಹೋದಂತೆಯೇ ಎಂದು ಸೇತುರಾಮರು ರಾಜಶ್ರೀಗೆ ಮುಖಕ್ಕೇ ಹೇಳಿಬಿಟ್ಟರು. ನನಗಂತೂ ಮೈಯೆಲ್ಲ ಉರಿಯಿತು. ಅವರು ಹೇಳಿದಂತೆಯೇ ಮಾಡಿದ್ದಕ್ಕೆ ತಪ್ಪು ಅವಳದೇ?

ಆ ಭಾನುವಾರ, ಬಿಟಿಎಂ ಬಡಾವಣೆಯಲ್ಲಿ ಅವಳು ಬಾಡಿಗೆಗಿದ್ದ ಮನೆಯ ಮಾಲೀಕರಾದ ಬೈರಣ್ಣ, ಮಂಗಮ್ಮ ತಮ್ಮ ಮಗಳು ಶೃತಿಗೆ ಗಂಡು ನೋಡಲು ಬ್ರೌಸಿಂಗ್ ಸೆಂಟರಿಗೆ ಹೊರಟರು. ತನ್ನ ಸೈಟು ತೋರಿಸಲು ರಾಜಶ್ರೀಯೂ ಹೋದಳು. ಇದ್ದದ್ದು ಒಂದೇ ಕುರ್ಚಿ. ಶೃತಿ ಕೂತಳು, ಮಿಕ್ಕವರೆಲ್ಲ ಹಿಂದೆ ನಿಂತರು.

"ಏನಂತೆ ಹುಡುಗ?" ಮಂಗಮ್ಮ ಕೇಳಿದರು.

"ಚೆನ್ನಾಗಿಲ್ಲ ಬಿಡಮ್ಮ," ಎನ್ನುತ್ತ ಶೃತಿ ಪುಟ ಸರಿಸಿದಳು.

ಮಂಗಮ್ಮನ ಪಕ್ಕದಲ್ಲಿದ್ದ ರಾಜಶ್ರೀಗೆ ತಾನೇ ಮಾಡಿದ ಪುಟ ಓದಲಾಗಲಿಲ್ಲ. ಆಫೀಸಿನಲ್ಲಿ ನಾವೆಲ್ಲ ಪರದೆಗೆ ಮೂಗು ತಾಗಿಸಿ ಕೂತು ನೋಡಿ ಭೇಷ್ ಅಂದಿದ್ದೆವು. ಗಂಡು ಹುಡುಕುವ ಮನೆಮಂದಿ ನಿಂತು ಓದುತ್ತಾರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಮಾರನೆಯ ದಿನ ಅವಳು ಅಕ್ಷರ ದೊಡ್ಡದು ಮಾಡಿದಳು.

ಸೇತುರಾಮರು ಹುಬ್ಬು ಗಂಟಿಕ್ಕಿದರು. "ಬೇಕಾದವ್ರು ಅವ್ರೇ ದೊಡ್ಡದು ಮಾಡ್ಕೋತಾರೆ ಬಿಡಮ್ಮ."

"ಹಿಂದ ನಿಂತವ್ರ ಕೈಯಾಗ ಮೌಸ್ ಎಲ್ಲಿರ್ತೈತ್ರಿ ಸರ್? ಪುಟ ತೆರದ ಕೂಡ್ಲೇ ಕಾಣಬೇಕ್ರಿ."

ಅಷ್ಟಕ್ಕೇ ಬಿಡದೆ ಕಮಲಾದೇವಿಯವರನ್ನು ಕರೆಸಿ, ಕಂಪ್ಯೂಟರಿನ ಮುಂದೆ ಕೂತಿದ್ದ ಸೇತುರಾಮರ ಕುರ್ಚಿಯ ಹಿಂದೆ ನಿಲ್ಲಿಸಿ, ಹಳೆಯದು ಹೊಸದು ಎರಡನ್ನೂ ತೋರಿಸಿದಳು. ಹಳೆಯ ಪುಟ ಕಾಣದೆ ಕಮಲಾದೇವಿ ಕನ್ನಡಕ ಒರೆಸಿಕೊಂಡರು. ಹೊಸದನ್ನು ಗಟ್ಟಿಯಾಗಿ ಓದಿದರು. "ಇನ್ನೊಂದು ವಾರ ಇರ್ಲಿ, ನೋಡೋಣ," ಅಂದರು.

ಮುಂದಿನ ಭಾನುವಾರ ಮತ್ತೆ ಅದೇ ಸೆಂಟರು. ಶೃತಿ ಎಂದಿನಂತೆ ಪುಟ ಸರಿಸಲು ಹೋದಳು.

"ತಡಿಯೇ, ಓದ್ತಾ ಇದೀನಿ," ಎಂದರು ಮಂಗಮ್ಮ. ಓದಿ ಮುಗಿಸಿ ಗಂಡನತ್ತ ತಿರುಗಿದರು. "ಮೇಷ್ಟ್ರಂತೆ ಕಣ್ರೀ, ಉತ್ತರಹಳ್ಳಿಯೋರು. ಫೋನ್ ಮಾಡಿ."

ಈ ಸಲ ಶೃತಿಯೂ ಬೇಡ ಅನ್ನಲಿಲ್ಲ. ಬೈರಣ್ಣ ಅಲ್ಲಿಂದಲೇ ಕೇಂದ್ರಕ್ಕೆ ಫೋನ್ ಮಾಡಿದರು. ಆ ಸೈಟು ನೋಡಿ ಬಂದ ಮೊದಲ ಕರೆ ಅದು. ಸೋಮವಾರ ಕಮಲಾದೇವಿ ಆಫೀಸಿಗೇ ಫೋನ್ ಮಾಡಿ ಸುದ್ದಿ ತಿಳಿಸಿದರು. ಸೇತುರಾಮರು ಫೋನ್ ಇಟ್ಟು ಗಂಟಲು ಸರಿಮಾಡಿಕೊಂಡರು.

"ರಾಜಶ್ರೀ, ನಮ್ಮ ಬೇರೆ ಸೈಟುಗಳ ಅಕ್ಷರಾನೂ ನೀನೇ ನೋಡ್ಕೊಂಡ್ಬಿಡಮ್ಮ."