ಹಳದಿ ಎಲೆಯ ಮುಂದೆ ನಿಂತ ಕೈ

ಮೊನ್ನೆ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬೇಲು ತುಂಬಿದ ಲಾರಿಯೊಂದು ನಮ್ಮ ಬಸ್ಸಿಗೆ ಒತ್ತಿಕೊಂಡು ನಿಂತಿತು. ಬೆಂದ ಸೊಪ್ಪಿನ ಆ ವಾಸನೆ, ಬೆಲ್ಲ ಸೀದಂಥದ್ದು, ಕಿಟಕಿಯೊಳಗೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಮ್ಮ ಶಾಲೆಯ ಮೇಷ್ಟ್ರ ಕೈ ನನ್ನ ಕಣ್ಣಿಗೆ ಕಟ್ಟಿತು...

ಐವತ್ತರ ದಶಕ, ಹಾರನಹಳ್ಳಿಯ ಶಾಲೆ. ಶನಿವಾರ ಬೆಳಿಗ್ಗೆ ಮೇಷ್ಟ್ರು ಪುಸ್ತಕ ಮುಚ್ಚಿಸುತ್ತಿದ್ದರು. ಯಾರು ಏನೇ ಹೇಳಲಿ, ಅವರದು ಒಂದೇ ಪ್ರಶ್ನೆ: "ಕಂಡಿದ್ದೋ, ಕೇಳಿದ್ದೋ, ಊಹೆಯೋ?" ದೂರದಲ್ಲಿ ಹೊಗೆಸೊಪ್ಪು ಬೇಯಿಸುವ ಗೂಡಿನ ಹೊಗೆ ತೋರಿಸಿ, "ಒಳಗೆ ಬೆಂಕಿ ಇದೆ ಅಂತೀರಲ್ಲ, ಕಂಡಿರಾ?" ಎನ್ನುವರು. ಇದು ಪಂಡಿತರು ತಲೆ ಕೆಡಿಸಿಕೊಂಡ ತತ್ವಶಾಸ್ತ್ರ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗದು ಆಟ. ಬಯಲಲ್ಲೂ ಹುಡುಗರು, "ನೀನು ನಿಮ್ಮವ್ವನ ಒಟ್ಟೇಲಿ ಉಟ್ಟಿದ್ದು ಕಂಡಿದ್ದೇನ್ಲಾ, ಕೇಳಿದ್ದಾ?" ಎಂದು ಒಬ್ಬರನ್ನೊಬ್ಬರು ಕಾಡುತ್ತಿದ್ದರು.

ಒಂದು ಶನಿವಾರ ಹಿಂದಿನ ಸಾಲಿನ ಹುಡುಗ, "ಒರಗಾದ ಎಂಗಸ್ರು ಮುಟ್ಟುದ್ರೆ ಗೂಡಲ್ಲಿ ಸೊಪ್ಪು ಕರ್ರಗಾಯ್ತದೆ ಸಾ" ಎಂದ. ಮುಟ್ಟಿನ ಮಾತು ಬಂದದ್ದೇ ಎಲ್ಲರೂ ಕಿಸಕ್ಕೆಂದರು.

"ಕಂಡಿದ್ದೋ?"

"ಕೇಳಿದ್ದು ಸಾ. ನಮ್ಮಜ್ಜಿ ಏಳ್ತದೆ."

"ಹಾಗಾದರೆ ಇನ್ನೂ ಗೊತ್ತಿಲ್ಲ ಅಂತ ಇಟ್ಟುಕೋ" ಎಂದು ಮೇಷ್ಟ್ರು ಮುಂದಕ್ಕೆ ಹೋದರು.

ನನ್ನ ಪಕ್ಕ ಕೂರುತ್ತಿದ್ದವಳು ಆ ಮಾತು ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಅವಳು ಗೂಡಿನ ಯಜಮಾನರ ಮಗಳು. ತರಗತಿಯಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ಅದೇ ಸುಗ್ಗಿಯ ಇನ್ನೊಂದು ಶನಿವಾರ ಅವಳು ಎದ್ದು ನಿಂತಳು.

"ಸಾ, ಆ ಮಾತು ಸುಳ್ಳು. ನಾನು ಒರಗಾಗಿದ್ದೆ. ಯಾರ್ಗೂ ಏಳ್ದೆ ಸೊಪ್ಪನ್ನ ಗೂಡಿಗೇರ್ಸೋ ಕಡ್ಡಿಗೆ ಕಟ್ದೆ. ಇದು ಆ ಗೂಡಿಂದೇ. ಕಂಡಿದ್ದು ಸಾ."

ಮೇಜಿನ ಮೇಲೆ ಎಲೆ ಇಟ್ಟಳು. ಅರಿಸಿನದಂಥ ಹಳದಿ.

ಯಾರೂ ನಗಲಿಲ್ಲ. ಮೇಷ್ಟ್ರ ಕೈ ಎಲೆಯತ್ತ ಚಾಚಿತು, ಅರ್ಧದಲ್ಲಿ ನಿಂತಿತು. ಆಮೇಲೆ ಹಿಂದಕ್ಕೆ ಸರಿದು, ಏನನ್ನೂ ಮುಟ್ಟದ ಆ ಕೈ, ಪಂಚೆಗೆ ಒರೆಸಿಕೊಂಡಿತು. ಅವಳೂ ಅದನ್ನು ನೋಡಿದಳು.

ಶಾಲೆ ಬಿಡುವಷ್ಟರಲ್ಲಿ ಸುದ್ದಿ ತಿಳಿದು ಯಜಮಾನರು ಬಂದರು. ಕೂಗಾಡಲಿಲ್ಲ.

"ಸೊಪ್ಪು ಕರ್ರಗಾಗಿದ್ರೆ ಒಂದು ಗೂಡು ಓಯ್ತು ಬುಡು ಅಂತಿದ್ದೆ ಕಣ್ರೀ ಮೇಷ್ಟ್ರೆ. ಚಿನ್ನದಂಗೆ ಬಂದದಲ್ಲ... ಇನ್ನು ಮುಟ್ಟು ಮೈಲ್ಗೆ ಅನ್ನೋ ನಮ್ಮವ್ವನ ಯಾವ ಮಾತ ಮನೇಲಿ ಯಾರು ಕೇಳಾರು?"

"ನಾನು ಅವಳಿಗೆ ಹಾಗೆ ಮಾಡು ಅನ್ನಲಿಲ್ಲ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಊ ಕಣಪ್ಪ, ನಾನೇ ಮಾಡ್ದೆ" ಎಂದಳು ಅವಳು.

ಸೋಮವಾರ ಅವಳ ಜಾಗ ಖಾಲಿ. ಆಮೇಲೂ ಖಾಲಿಯೇ. ಮುಂದಿನ ಶನಿವಾರ ಮೇಷ್ಟ್ರು ಪುಸ್ತಕ ತೆಗೆಸಿದರು, ಗ್ರಹಣದ ಪಾಠ. ಹಿಂದಿನ ಸಾಲಿನ ಅದೇ ಹುಡುಗ ಅಭ್ಯಾಸಬಲದಿಂದ, "ಕಂಡಿದ್ದಾ ಸಾ, ಕೇಳಿದ್ದಾ?" ಎಂದ.

"ಪುಸ್ತಕದಲ್ಲಿದೆ. ಬರ್ಕೋ."

ಆ ಪ್ರಶ್ನೆ ಮತ್ತೆ ನಮ್ಮ ಶಾಲೆಯಲ್ಲಿ ಕೇಳಿಸಲಿಲ್ಲ...

ಲಾರಿ ಸರಿಯಿತು, ವಾಸನೆ ಉಳಿಯಿತು. ಈಗ ಅವಳಿಲ್ಲ, ಮೇಷ್ಟ್ರೂ ಇಲ್ಲ. ಕೈ ಹಿಂದೆ ಸರಿದದ್ದು ನಾನು ಕಂಡಿದ್ದು. ಯಜಮಾನರ ಭಯಕ್ಕೋ, ಎಲೆಯ ಮೈಲಿಗೆಗೋ? ಅದು ಊಹೆ. ಇಷ್ಟು ವರ್ಷವಾದರೂ ಊಹೆಯೇ.