ಆಪೂಸಿಗೆ ಕಟ್ಟಿದ ಬಾಟಲಿ

ಕಾಂಡಕೊರಕ ಹುಳು ನಮ್ಮ ಮಾವಿನ ತೋಟಕ್ಕೆ ಬಂದ ಮೇಲೆ ನನ್ನ ಸಂಜೆಗಳು ಮುಗಿದವು. ಧಾರವಾಡದ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳಿ ಗಂಟಲು ಒಣಗಿಸಿಕೊಂಡು ಬರುವುದು, ಚಹಾ ಕುಡಿದು ಸೈಕಲ್ ಕಡ್ಡಿ ಹಿಡಿದು ಮರದ ತೂತು ಕೆದಕುವುದು. ಕೊರೆದ ಮರದ ಹೊಟ್ಟು ಉದುರಿದಲ್ಲೆಲ್ಲ ಒಳಗೊಂದು ದಪ್ಪ ಹುಳು. ಅದನ್ನು ಎಳೆದು ಹಾಕಿ, ಬೇವಿನೆಣ್ಣೆಯಲ್ಲಿ ಅದ್ದಿದ ಅರಳೆ ತುರುಕಿ, ಮಣ್ಣು ಮೆತ್ತಬೇಕು. ಒಂದು ಮುಚ್ಚಿದರೆ ಮತ್ತೊಂದು. ಗಂಡ ತಾರಿಹಾಳದ ಕಾರ್ಖಾನೆಯಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಹಾಗಾಗಿ ಹುಳುವಿನ ಸಂಸಾರವೆಲ್ಲ ನನ್ನ ಪಾಲಿಗೇ ಬಂತು.

ಅತ್ತೆಯ ಜೀವವೆಲ್ಲ ಬಾವಿ ಪಕ್ಕದ ಆಪೂಸು ಮಾವಿನ ಮರದಲ್ಲಿತ್ತು. ಮದುವೆಯಾಗಿ ಬಂದ ವರ್ಷ ತಾವೇ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರ. ಅದಕ್ಕಿನ್ನೂ ಹುಳು ಬಿದ್ದಿರಲಿಲ್ಲ. "ಉಳಿದದ್ದೆಲ್ಲಾ ಹೋಗ್ಲಿ, ಇದೊಂದು ಉಳಿಸಿಕೊಡವಾ" ಎಂದು ದಿನವೂ ಅನ್ನುತ್ತಿದ್ದರು.

ಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಬಾಟಲಿ ತಂದುಕೊಟ್ಟಳು. ಒಳಗೆ ಮಾವಿನ ತೊಗಟೆಯ ರಸ. ಅದರ ವಾಸನೆಗೆ, ತೊಗಟೆಯಲ್ಲಿ ಮೊಟ್ಟೆಯಿಟ್ಟು ಈ ಹುಳು ಹುಟ್ಟಿಸುವ ದುಂಬಿಗಳು ಬಂದು, ಕೆಳಗಿನ ಡಬ್ಬಿಯ ಬೇವಿನೆಣ್ಣೆ ನೀರಿನಲ್ಲಿ ಬೀಳಬೇಕು. "ಗಿಡದಿಂದ ದೂರ, ಬೇಲಿ ಕಡೆ ಕಟ್ರಿ ಮೇಡಂ" ಎಂದಳು. ಹಾಗೇ ಕಟ್ಟಿದೆ.

ಅತ್ತೆಗೆ ಅದು ಸರಿಬರಲಿಲ್ಲ. ಲಿಂಬೆ-ಮೆಣಸಿನಕಾಯಿ ಕಟ್ಟುವುದು ಅಂಗಡಿಯ ಬಾಗಿಲಿಗೆ, ಕರಿದಾರ ಕಟ್ಟುವುದು ಕೂಸಿಗೆ. ಕಾಯಬೇಕಾದದ್ದನ್ನು ಬಿಟ್ಟು ಬೇಲಿಗೆ ಕಟ್ಟುತ್ತಾರೆಯೇ? ಆ ಮಳೆಗಾಲ ನಾನು ತಾಯಿಯ ಆರೈಕೆಗೆಂದು ಶಿರಗುಪ್ಪಿಯಲ್ಲಿದ್ದೆ. ಅತ್ತೆ ಬಾಟಲಿ ಬಿಚ್ಚಿ ತಂದು, ಆಪೂಸಿನ ಟೊಂಗೆಗೆ ಕರಿದಾರದಿಂದ ಬಿಗಿದರು.

ನಾನು ಮರಳಿದ ದಿನ ಚೀಲ ಇಳಿಸುವುದಕ್ಕೂ ಬಿಡದೆ ಕರೆದೊಯ್ದು ತೋರಿಸಿದರು. "ನೋಡವಾ, ಹೆಂಗ ಬಂದು ಬಿದ್ದಾವ!" ಡಬ್ಬಿ ತುಂಬ ದುಂಬಿ. ಮರದ ಬುಡದಲ್ಲಿ ಹಸಿ ಹೊಟ್ಟು. ನಾನು ಬಾಟಲಿ ಬಿಚ್ಚಿದೆ. ಚಳಿಗಾಲವಿಡೀ ಕೆದಕಿದೆ. ಹೂ ಬಿಡುವ ಹೊತ್ತಿಗೆ ಎಲೆಗಳು ಹಳದಿಯಾದವು.

ಬಾಟಲಿ ಕೊಟ್ಟ ಹುಡುಗಿ ಮತ್ತೆ ಬಂದಾಗ ಟೊಂಗೆಯಲ್ಲಿ ಉಳಿದ ಕರಿದಾರ ನೋಡಿದಳು. "ಇದಕ್ಯಾರು ಕಟ್ಟಿದ್ರಿ? ವಾಸನಿಗೆ ಬಂದ ದುಂಬಿ ಡಬ್ಬ್ಯಾಗ ಬಿದ್ದಿದ್ದು ಸ್ವಲ್ಪ, ಗಿಡಕ್ಕ ಹತ್ತಿದ್ದು ಭಾಳ. ನಾವೇ ಕರದು ಕುಂದ್ರಿಸಿದಂಗಾತು."

ಬಾವಿಕಟ್ಟೆಯ ಮೇಲಿದ್ದ ಅತ್ತೆ ಹೇಳಲೆಂದು ಬಾಯಿ ತೆರೆದರು. ಅಷ್ಟರಲ್ಲಿ ನಾನು "ನಾನೇ ಕಟ್ಟಿದ್ದು" ಎಂದುಬಿಟ್ಟೆ. ಅವರ ಮೇಲೆ ಕನಿಕರ ಬಂದಿತ್ತು, ಖರೆ. ಆದರೆ ಅವರ ಅಳು, ಅದರ ಸಮಾಧಾನ, ಇದಾವುದಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಹುಡುಗಿ ಹೋದ ಮೇಲೆ ಅತ್ತೆ ಕೇಳಿದರು. "ಸುಳ್ಳ ಯಾಕ ಹೇಳಿದಿ?"

"ನಿಮಗ್ಯಾಕ ಸಂಕಟ ಅಂತ. ಹೋಗ್ಲಿ ಬಿಡ್ರಿ, ಅತ್ತಿ."

ಅವರು ಮರದ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ನನ್ನ ಕೈಲೆ ನೆಟ್ಟ ಗಿಡ, ನನ್ನ ಕೈಲೇ ಹೋತು. ಹಂಗಂತ ನಾಕು ಮಂದಿ ಮುಂದ ಒಮ್ಮೆ ಅಂದು ಅತ್ತಿದ್ರ ಹಗುರ ಆಗ್ತಿದ್ದೆ. ಅದನ್ನೂ ನೀ ಕಸಗೊಂಡಿ."